ವೃತ್ತಿ ನಿಂತ ಮೇಲೆ ಉಳಿಯುವ ಗುರುತ್ವ

'ನಿವೃತ್ತಿ' ಎಂಬುದು ಸರಕಾರಿ ಆದೇಶಗಳಲ್ಲಿಯೂ ಬೀಳ್ಕೊಡುಗೆಯ ಮಾನಪತ್ರಗಳಲ್ಲಿಯೂ ನಿತ್ಯ ಕಾಣಸಿಗುವ ಶಬ್ದ. ಬಳಕೆ ಹೆಚ್ಚಿದಷ್ಟೂ ಶಬ್ದದ ಮೂಲಾರ್ಥ ಸವೆಯುವುದು ಸಹಜ. 'ವೃತ್' ಎಂಬ ಧಾತುವಿಗೆ ಇರುವುದು, ನಡೆಯುವುದು, ತಿರುಗುವುದು ಎಂಬ ಅರ್ಥಗಳುಂಟು. ಅದರಿಂದ ಹುಟ್ಟಿದ 'ವೃತ್ತಿ' ಎಂದರೆ ಜೀವನೋಪಾಯ. 'ಪ್ರವೃತ್ತಿ' ಎಂದರೆ ಮುಂದಕ್ಕೆ ಸಾಗುವಿಕೆ. 'ನಿವೃತ್ತಿ' ಎಂದರೆ ಹಿಂದಕ್ಕೆ ಸರಿಯುವಿಕೆ, ನಿಲ್ಲುವಿಕೆ. ಹಾಗಾದರೆ ಅಧ್ಯಾಪಕನು ನಿವೃತ್ತನಾದಾಗ ನಿಲ್ಲುವುದು ಯಾವುದು, ಉಳಿಯುವುದು ಯಾವುದು? ಈ ಪ್ರಶ್ನೆ ವ್ಯಾಕರಣದ ಮೇರೆಯನ್ನು ದಾಟಿ ಬದುಕಿನೊಳಕ್ಕೆ ಬರುವಂಥದು. ಕರ್ನಾಟಕದಲ್ಲಿ ೨೦೦೮ರಿಂದ ಸರಕಾರಿ ಸೇವೆಯ ನಿವೃತ್ತಿವಯಸ್ಸು ೬೦. ಆ ವಯಸ್ಸಿನಲ್ಲಿ ಗಟ್ಟಿಮುಟ್ಟಾಗಿರುವ ಅಧ್ಯಾಪಕನಿಗೆ ಇನ್ನೂ ಒಂದೆರಡು ದಶಕಗಳ ಆಯುಷ್ಯ ಕೈಯಲ್ಲಿರುತ್ತದೆ. ಅಷ್ಟು ದೀರ್ಘವಾದ ಕಾಲಕ್ಕೆ 'ವಿಶ್ರಾಂತಿ' ಎಂಬ ಒಂದೇ ಹೆಸರು ಸಾಕಾಗದು.

ನಮ್ಮ ಪ್ರಾಚೀನ ಕೋಶಗಳು ಈ ವಿಚಾರದಲ್ಲಿ ಒಂದು ಸೂಕ್ಷ್ಮವಾದ ಭೇದವನ್ನು ಮಾಡಿವೆ. ಅಮರಕೋಶದ ಬ್ರಹ್ಮವರ್ಗದಲ್ಲಿ 'ಉಪಾಧ್ಯಾಯ', 'ಅಧ್ಯಾಪಕ' ಎಂಬವು ಪರ್ಯಾಯಶಬ್ದಗಳು. 'ಗುರು' ಎಂಬುದಕ್ಕೆ ಅಲ್ಲಿ ಬೇರೆಯೇ ಅರ್ಥ. ಸ್ಮೃತಿಕಾರರು ಇದನ್ನು ಬಿಡಿಸಿ ಹೇಳುತ್ತಾರೆ. ಜೀವನೋಪಾಯಕ್ಕಾಗಿ ವಿದ್ಯೆಯ ಒಂದು ಭಾಗವನ್ನು ಕಲಿಸುವವನು ಉಪಾಧ್ಯಾಯ. ಹುಟ್ಟಿನ ಸಂಸ್ಕಾರಗಳನ್ನು ನಡೆಸಿ, ಅನ್ನವಿಕ್ಕಿ ಸಾಕಿ ಬೆಳೆಸುವವನು ಗುರು. ಎಂದರೆ 'ಗುರು' ಎಂಬ ಶಬ್ದ ಶಾಲೆಯ ಜಗಲಿಗಿಂತ ಮೊದಲು ಮನೆಯ ಅಂಗಳದಲ್ಲಿ ನಿಂತಿತ್ತು. ಸಂಬಳ ನಿಂತ ದಿನ ಉಪಾಧ್ಯಾಯತ್ವ ನಿಲ್ಲುವುದು ನ್ಯಾಯವೇ. ಸಾಕಿ ಬೆಳೆಸುವ ಗುರುತ್ವಕ್ಕಾದರೋ ಯಾವ ಇಲಾಖೆಯೂ ನಿವೃತ್ತಿಯ ದಿನಾಂಕವನ್ನು ಗೊತ್ತುಪಡಿಸಲಾರದು. ಆದ್ದರಿಂದ ಅಧ್ಯಾಪಕನು ಗುರುವೂ ಆಗಿದ್ದನೇ ಎಂಬುದು ಪರೀಕ್ಷೆಗೆ ಬರುವುದು ಅವನು ಹಾಜರಿ ಪುಸ್ತಕವನ್ನು ಒಪ್ಪಿಸಿ ಮನೆಗೆ ಬಂದ ಮರುದಿನದಿಂದ.

ಮೂರು ಊರುಗಳ ಪರಿಸರ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳು ಈ ಪರೀಕ್ಷೆಯನ್ನು ಅರಿಯುವುದಕ್ಕೆ ತಕ್ಕ ನೆಲ. ನೇತ್ರಾವತಿಯ ದಡದ ಬಂಟ್ವಾಳ ಹಳೆಯ ವ್ಯಾಪಾರದ ಪೇಟೆ. ಚಾರ್ಮಾಡಿ ಘಟ್ಟದ ಬುಡದ ಬೆಳ್ತಂಗಡಿ ತಾಲೂಕಿನಲ್ಲಿ ಹಳ್ಳ ತೋಡುಗಳನ್ನು ದಾಟಿ, ಗುಡ್ಡ ಇಳಿದು ಶಾಲೆಗೆ ಬರುವ ಮಕ್ಕಳು ಬಹಳ. ಮೂಡುಬಿದಿರೆಯು ಸಾವಿರ ಕಂಬದ ಬಸದಿಯ ಊರು. ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಗೆದ್ದಲಿಗೂ ಮಳೆಗೂ ಕೊಡದೆ ಕಾಪಾಡಿದ ಊರು. ಮನೆಗಳು ಒಂದಕ್ಕೊಂದು ತಾಗಿಕೊಂಡಿರದೆ ತೋಟ ಗದ್ದೆಗಳ ನಡುವೆ ಚೆದುರಿರುವ ಈ ಸೀಮೆಯಲ್ಲಿ ಶಾಲೆಯೇ ಊರಿನ ನಡುಮನೆ. ಅಲ್ಲಿಯ 'ಮಾಷ್ಟ್ರು' ಊರಿಗೆಲ್ಲ ಬೇಕಾದವರು. ಅರ್ಜಿ ಬರೆಯಬೇಕಾದರೆ, ಬಂದ ಕಾಗದವನ್ನು ಓದಿಸಬೇಕಾದರೆ, ಮಗುವಿಗೆ ಹೆಸರಿಡಬೇಕಾದರೆ, ಪಾಲುಪಟ್ಟಿಯ ಜಗಳವನ್ನು ತಣ್ಣಗಾಗಿಸಬೇಕಾದರೆ ಜನ ಅವರಲ್ಲಿಗೆ ಹೋಗುತ್ತಿದ್ದರು. ಬೇರೆ ಅಧಿಕಾರಿಗಳು ನಿವೃತ್ತರಾದರೆ ಅವರ ಹುದ್ದೆಯ ಹೆಸರು ಅವರನ್ನು ಬಿಟ್ಟುಹೋಗುತ್ತದೆ. ಮಾಷ್ಟ್ರು ಮಾತ್ರ ಸಾಯುವ ತನಕ ಮಾಷ್ಟ್ರೇ. ಜನರು ಕೊಟ್ಟ ಈ ಬಿರುದಿನಲ್ಲಿ ಗೌರವವೂ ಉಂಟು, ಹೊಣೆಯೂ ಉಂಟು.

ಈ ಪರಂಪರೆಯ ಹಿರಿಯರಾಗಿ ನಿಲ್ಲುವವರು ಪಂಜೆ ಮಂಗೇಶರಾಯರು. ಅವರು ಹುಟ್ಟಿದ್ದು ಬಂಟ್ವಾಳದಲ್ಲಿ, ೧೮೭೪ರಲ್ಲಿ. ಎಳೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ಒಡಹುಟ್ಟಿದವರ ಭಾರವನ್ನು ಹೆಗಲಿಗೇರಿಸಿಕೊಂಡು, ಮನೆಪಾಠ ಹೇಳಿ ಸಂಪಾದಿಸುತ್ತ ತಾವೂ ಓದಿದವರು. ಮಂಗಳೂರಿನಲ್ಲಿ ಅಧ್ಯಾಪಕರಾಗಿ, ಅನಂತರ ಶಾಲಾ ಇನ್‌ಸ್ಪೆಕ್ಟರರಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ಅವರು ದುಡಿದರು. ಸಂಸಾರದ ಕಷ್ಟ ಅವರಿಗೆ ಮಕ್ಕಳ ಮನಸ್ಸನ್ನು ಕಲಿಸಿತು. ಮಕ್ಕಳ ಮನಸ್ಸು 'ಕವಿಶಿಷ್ಯ' ಎಂಬ ಅಂಕಿತದ ಪದ್ಯಗಳನ್ನೂ ಕತೆಗಳನ್ನೂ ಕೊಟ್ಟಿತು. ವೃತ್ತಿಯಿಂದ ಬಿಡುಗಡೆ ಹೊಂದಿದ ಬಳಿಕ, ೧೯೩೪ರಲ್ಲಿ, ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು; ೧೯೩೭ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಮನೆಯಲ್ಲಿ ತಮ್ಮಂದಿರಿಗೆ ಅಣ್ಣನಾಗಿ ಕಲಿತ ತಾಳ್ಮೆಯನ್ನೇ ಅವರು ನಾಡಿನ ಮಕ್ಕಳಿಗೆಲ್ಲ ಹಂಚಿದರೆಂದರೆ ತಪ್ಪಾಗದು. ಕುಟುಂಬಸೇವೆ ಬೇರೆ, ಲೋಕಸೇವೆ ಬೇರೆ ಎಂದು ಗೆರೆ ಎಳೆಯುವವರು ಪಂಜೆಯವರ ಜೀವನವನ್ನು ಒಮ್ಮೆ ನೋಡಬೇಕು.

ನಿವೃತ್ತಿಯ ಎರಡು ಫಲಗಳು

ವೃತ್ತಿ ನಿಂತ ಮೇಲಿನ ಪ್ರವೃತ್ತಿ ಎಲ್ಲರಲ್ಲಿಯೂ ಒಂದೇ ರೂಪದ್ದಾಗಿರಬೇಕಾಗಿಲ್ಲ. ಅದೇ ದಕ್ಷಿಣ ಕನ್ನಡ ಜಿಲ್ಲೆಯಿಂದ ಬಂದ ಸೇಡಿಯಾಪು ಕೃಷ್ಣಭಟ್ಟರು (೧೯೦೨–೧೯೯೬) ಮಂಗಳೂರಿನ ಸಂತ ಎಲೋಸಿಯಸ್ ವಿದ್ಯಾಸಂಸ್ಥೆಯಲ್ಲಿ ಕನ್ನಡ ಪಂಡಿತರಾಗಿದ್ದರು. ನಿತ್ಯದ ಪಾಠ, ಪರೀಕ್ಷೆ, ಉತ್ತರಪತ್ರಿಕೆಗಳ ನಡುವೆ ಪೂರ್ಣವಾಗಿ ಕೈಗೆತ್ತಿಕೊಳ್ಳಲಾಗದ ಶಾಸ್ತ್ರವಿಚಾರಗಳಿಗೆ ಅವರು ತಮ್ಮ ನಿವೃತ್ತಿಯ ದಶಕಗಳನ್ನು ಮೀಸಲಿಟ್ಟರು. ಲಯವೆಂದರೇನು, ಗತಿಯೆಂದರೇನು, ಮಾತ್ರೆಗಳ ಗಣ ಹೇಗೆ ಹುಟ್ಟುತ್ತದೆ ಎಂಬುದನ್ನು ಬುಡದಿಂದ ಪರಿಶೀಲಿಸಿದ 'ಛಂದೋಗತಿ' ಆ ಕಾಲದ ಫಲ. 'ವಿಚಾರ ಪ್ರಪಂಚ'ಕ್ಕೆ ೧೯೯೪ರ ಪಂಪ ಪ್ರಶಸ್ತಿ ಬಂದಾಗ ಅವರು ತೊಂಬತ್ತು ದಾಟಿದ್ದರು. ಸಂಬಳವಾಗಲಿ ಬಡ್ತಿಯಾಗಲಿ ಕಾದಿಲ್ಲದ ವಯಸ್ಸಿನಲ್ಲಿ ಒಂದು ಶಬ್ದದ ನಿಷ್ಪತ್ತಿಗಾಗಿ ದಿನಗಟ್ಟಲೆ ಚಿಂತಿಸುವುದು ಕೂಡ ಸಮಾಜಸೇವೆಯೇ; ಅದರ ಫಲವನ್ನು ಉಣ್ಣುವವರು ಮುಂದಿನ ಪೀಳಿಗೆಯ ವಿದ್ಯಾರ್ಥಿಗಳು.

ಮೂಡುಬಿದಿರೆಯಲ್ಲಿ ಕಾಣುವುದು ಇನ್ನೊಂದು ರೂಪ. ಅಲ್ಲಿಯ ಜೈನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದ ಪಳಕಳ ಸೀತಾರಾಮ ಭಟ್ಟರು ಮಕ್ಕಳ ಸಾಹಿತ್ಯವನ್ನೇ ಜೀವನದ ಕಾಯಕವಾಗಿಸಿಕೊಂಡವರು. ಮಕ್ಕಳಿಗಾಗಿ ಪದ್ಯ, ಕತೆ, ನಾಟಕಗಳನ್ನು ಬರೆದುದಲ್ಲದೆ 'ಶಿಶುಸಾಹಿತ್ಯ ಮಾಲೆ'ಯ ಮೂಲಕ ಪುಸ್ತಕಗಳನ್ನು ಹೊರತಂದರು. ಮಕ್ಕಳ ಪುಸ್ತಕವನ್ನು ಬರೆಯುವುದೇ ಕಷ್ಟ. ಅಚ್ಚು ಹಾಕಿಸುವುದು ಅದಕ್ಕಿಂತ ಕಷ್ಟ. ಶಾಲೆ ಶಾಲೆಗೆ ತಲುಪಿಸುವುದು ಎಲ್ಲಕ್ಕಿಂತ ಕಷ್ಟ. ಲಾಭದ ಲೆಕ್ಕ ಹಾಕುವವರು ಕೈಹಾಕದ ಈ ಕೆಲಸ ಹಳ್ಳಿಯ ಶಾಲೆಯ ಒಬ್ಬ ಮೇಷ್ಟರ ಆಸ್ಥೆಯಿಂದ ನಡೆಯಿತೆಂಬುದು ನೆನೆಯತಕ್ಕ ಸಂಗತಿ.

ಪೆರಡಾಲದ ದೃಷ್ಟಾಂತ

ವಿದ್ಯೆ, ಸಂಸಾರ, ಊರಿನ ಸೇವೆ ಎಂಬ ಮೂರೂ ಒಂದೇ ಬಾಳಿನಲ್ಲಿ ಕೂಡಿಬಂದ ದೃಷ್ಟಾಂತಕ್ಕಾಗಿ ಬಂಟ್ವಾಳದಿಂದ ತೆಂಕಣಕ್ಕೆ, ಇಂದು ರಾಜ್ಯದ ಗಡಿಯಾಗಿರುವ ಗೆರೆಯ ಆಚೆಗೆ ನೋಡಬೇಕು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಕಾಸರಗೋಡು, ಬಂಟ್ವಾಳ, ಬೆಳ್ತಂಗಡಿಗಳೆಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವು. ಆ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ನೆಂಟಸ್ತಿಕೆ, ಹಬ್ಬ, ಯಕ್ಷಗಾನ, ತುಳು–ಕನ್ನಡದ ಮಾತು ಎಂದಿನಂತೆ ಇದ್ದವು. ಶಾಲೆಯ ಆಡಳಿತ ಮಾತ್ರ ಬೇರೆ ರಾಜ್ಯಕ್ಕೆ ಹೋಯಿತು. ಆ ನೆಲದ ಅಧ್ಯಾಪಕರು ಕಯ್ಯಾರ ಕಿಞ್ಞಣ್ಣ ರೈಗಳು.

ರೈಗಳು ೧೯೧೫ರ ಜೂನ್ ೮ರಂದು ಕಯ್ಯಾರಿನಲ್ಲಿ ಹುಟ್ಟಿದರು. ಮನೆಮಾತು ತುಳು, ವಿದ್ಯೆಯ ಭಾಷೆ ಕನ್ನಡ ಮತ್ತು ಸಂಸ್ಕೃತ. ಹನ್ನೆರಡರ ಹರೆಯದಲ್ಲಿಯೇ 'ಸುಶೀಲ' ಎಂಬ ಕೈಬರಹದ ಪತ್ರಿಕೆಯನ್ನು ಹೊರಡಿಸಿದ ಹುಡುಗ ಮುಂದೆ ಗಾಂಧೀಯುಗದ ಗಾಳಿಗೆ ಮೈಯೊಡ್ಡಿದನು. ಪತ್ರಿಕೆಗಳಲ್ಲಿ ದುಡಿದು, ಸ್ವಾತಂತ್ರ್ಯ ಚಳವಳಿಯಲ್ಲಿ ಪಾಲ್ಗೊಂಡು, ಕಡೆಗೆ ನೆಲೆನಿಂತುದು ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ. ಅಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿದರು. ೧೯೬೯ರಲ್ಲಿ ಅಧ್ಯಾಪಕರಿಗೆ ಸಲ್ಲುವ ರಾಷ್ಟ್ರಪ್ರಶಸ್ತಿ ಅವರಿಗೆ ಬಂತು. ಶಾಲಾಮಕ್ಕಳಿಗಾಗಿ 'ನವೋದಯ ವಾಚನಮಾಲೆ'ಯನ್ನು ಬರೆದರು. ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ಹದಿನೈದು ವರ್ಷ ಊರಿನ ದಾರಿ, ನೀರು, ಶಾಲೆಗಳ ಹೊಣೆ ಹೊತ್ತರು.

೧೯೭೦ರ ದಶಕದಲ್ಲಿ ಅವರು ಶಾಲೆಯಿಂದ ಬಿಡುಗಡೆ ಹೊಂದಿದರು. ಅಲ್ಲಿಂದ ೨೦೧೫ರ ಆಗಸ್ಟ್ ೯ರಂದು ನೂರರ ವಯಸ್ಸಿನಲ್ಲಿ ಕಣ್ಮುಚ್ಚುವ ತನಕ ಸುಮಾರು ನಾಲ್ಕು ದಶಕಗಳು ಸಂದವು. ಎಂದರೆ ಅವರ ನಿವೃತ್ತಜೀವನ ವೃತ್ತಿಜೀವನಕ್ಕಿಂತಲೂ ದೀರ್ಘವಾದುದು! ಆ ದೀರ್ಘಕಾಲವನ್ನು ಅವರು ಕಳೆದುದು ಪೆರಡಾಲದ ತಮ್ಮ 'ಕವಿತಾ ಕುಟೀರ'ದಲ್ಲಿ, ತುಂಬು ಸಂಸಾರದ ನಡುವೆ, ಕೃಷಿಕರಾಗಿ ಮತ್ತು ಊರಿನ ಹಿರಿಯರಾಗಿ. ಆತ್ಮಕಥೆಗೆ ಅವರು ಇಟ್ಟ ಹೆಸರು 'ದುಡಿತವೇ ನನ್ನ ದೇವರು'. ಶರಣರು ಕಾಯಕವೆಂದು ಕರೆದ ತತ್ತ್ವ ಆ ಹೆಸರಿನಲ್ಲಿ ಕಡಲತೀರದ ಕೃಷಿಕನ ನುಡಿಯಾಗಿ ಮರುಹುಟ್ಟು ಪಡೆದಿದೆ. ದುಡಿಯುವ ಕೈಗೆ ಮೇಲು ಕೀಳೆಂಬುದಿಲ್ಲ ಎಂಬ ನಂಬಿಕೆಯೇ ಅವರಿಂದ 'ಕೊರಗ'ದಂತಹ ಕೃತಿಯನ್ನು ಬರೆಯಿಸಿತು. ಊರ ಹೊರಗೆ ಇರಿಸಲ್ಪಟ್ಟ ಜನರ ನೋವನ್ನು ಊರ ನಡುವಿನ ಅಧ್ಯಾಪಕನು ನುಡಿಯುವುದು ಪಠ್ಯಪುಸ್ತಕದಲ್ಲಿಲ್ಲದ ಪಾಠ.

ಅವರ ಸಾರ್ವಜನಿಕ ಜೀವನದ ದೊಡ್ಡ ಹಂಬಲ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬುದು. ೧೯೬೬ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ೧೯೬೭ರ ತನ್ನ ವರದಿಯಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಸಲಹೆ ಮಾಡಿತು. ಆ ವರದಿ ಜಾರಿಗೆ ಬರಲಿಲ್ಲ. ೧೯೮೪ರಲ್ಲಿ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು. ೧೯೯೭ರಲ್ಲಿ ಮಂಗಳೂರಿನಲ್ಲಿ ಸೇರಿದ ೬೬ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ರೈಗಳು ಅಧ್ಯಕ್ಷರಾದರು. ಆಗ ಅವರಿಗೆ ಎಂಬತ್ತೆರಡು. ವೇದಿಕೆಯ ಗೌರವ ಸಂದಿತು, ಹಂಬಲ ಕೈಗೂಡಲಿಲ್ಲ. ನೂರು ವರ್ಷ ಬದುಕಿದವರು ತಮ್ಮ ಮುಖ್ಯ ಇಷ್ಟಾರ್ಥವನ್ನು ಕಾಣದೆಯೇ ತೆರಳಿದರು.

ಇದನ್ನು ಸೋಲೆಂದು ಕರೆಯುವವರಿಗೆ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಮಾಡಿ ತೋರಿಸಬಹುದು. ಗಡಿ ಬದಲಾಗಲಿಲ್ಲ ಎಂಬುದು ನಿಜ. ಗಡಿಯ ಒಳಗಿನ ಮಕ್ಕಳು ಕನ್ನಡವನ್ನು ಮರೆಯಲಿಲ್ಲ ಎಂಬುದೂ ಅಷ್ಟೇ ನಿಜ. ಕೇರಳದಲ್ಲಿ ೨೦೧೭ರಲ್ಲಿ ಶಾಲೆಗಳಿಗೆ ಮಲಯಾಳವನ್ನು ಕಡ್ಡಾಯಗೊಳಿಸುವ ಕಾಯಿದೆ ಬಂದಾಗ, ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡವರಿಯದ ಅಧ್ಯಾಪಕರು ನೇಮಕವಾದಾಗ, ಆಕ್ಷೇಪವೆತ್ತಿ ನಿಂತವರಲ್ಲಿ ತಂದೆತಾಯಿಗಳೂ ವಿದ್ಯಾರ್ಥಿಗಳೂ ಇದ್ದರು. ತನ್ನ ಭಾಷೆಯಲ್ಲಿ ಪ್ರಶ್ನೆ ಕೇಳಬಲ್ಲ ವಿದ್ಯಾರ್ಥಿಯನ್ನು ತಯಾರಿಸುವುದು ಅಧ್ಯಾಪಕನ ಕೆಲಸ. ಉತ್ತರ ದೊರೆಯುವ ಕಾಲವನ್ನು ನಿಶ್ಚಯಿಸುವುದು ಅವನ ಕೈಯಲ್ಲಿಲ್ಲ. ಗದ್ದೆಯ ದಂಡೆಯಲ್ಲಿ ತೆಂಗಿನ ಸಸಿ ನೆಡುವ ಮುದುಕನನ್ನು ಯಾರೂ 'ನಿನಗೆ ಇದರ ಎಳನೀರು ಸಿಕ್ಕೀತೆ?' ಎಂದು ಕೇಳುವುದಿಲ್ಲ.

ಮನೆ ಮತ್ತು ಊರು

ದೃಷ್ಟಾಂತಗಳನ್ನು ಹೇಳಿ ಕೈಮುಗಿದರೆ ವಿಚಾರ ಮುಗಿಯದು. ಸೇವೆಯ ಮಾತಿನಲ್ಲಿ ಕೆಲವು ತೊಡಕುಗಳಿವೆ. ಅವನ್ನು ಮರೆಮಾಚುವುದು ಪಂಡಿತರಿಗೂ ದಾನಿಗಳಿಗೂ ಶೋಭಿಸದು.

ಮೊದಲನೆಯದು ಮನೆಯವರ ಪಾಲು. ಊರಿಗಾಗಿ ಓಡಾಡುವ ಅಧ್ಯಾಪಕನ ಮನೆಯಲ್ಲಿ ಹೊತ್ತಲ್ಲದ ಹೊತ್ತಿಗೆ ಬಂದವರಿಗೆ ಬೆಲ್ಲ ನೀರು ಕೊಡುವವರು ಯಾರು? ತೋಟಕ್ಕೆ ನೀರು ಬಿಡುವವರು, ಹಟ್ಟಿಯ ದನಗಳನ್ನು ನೋಡಿಕೊಳ್ಳುವವರು, ಮಕ್ಕಳ ಜ್ವರಕ್ಕೆ ರಾತ್ರಿ ಎಚ್ಚರವಿರುವವರು ಯಾರು? ಮಾನಪತ್ರದಲ್ಲಿ ಗೃಹಿಣಿಗೆ ಸಿಗುವುದು ಒಂದು ಸಾಲು; ದುಡಿಮೆಯಲ್ಲಿ ಅವರ ಪಾಲು ಅರ್ಧಕ್ಕೆ ಕಡಮೆಯಿಲ್ಲ. ಹಾಗಿರುವಾಗ ವೃತ್ತಿಯ ಮೂವತ್ತು ವರ್ಷ ಮನೆಯಿಂದ ಎರವಲು ಪಡೆದ ಹೊತ್ತನ್ನು ನಿವೃತ್ತಿಯ ಕಾಲದಲ್ಲಿ ತೀರಿಸಬೇಕಾದುದು ಧರ್ಮ. ಕಾಯಿಲೆಯ ಮಡದಿಯ ಪಕ್ಕದಲ್ಲಿ ಕುಳಿತು ಪತ್ರಿಕೆ ಓದಿ ಹೇಳುವುದು, ಮೊಮ್ಮಗುವಿಗೆ ಮಗ್ಗಿ ಕಲಿಸುವುದು, ಹಾಸಿಗೆ ಹಿಡಿದ ತಾಯಿಗೆ ಗಂಜಿ ಕುಡಿಸುವುದು—ಇವು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುವ ಕೆಲಸಗಳಲ್ಲ. ಅನ್ನವಿಕ್ಕಿ ಸಾಕುವವನೇ ಗುರುವೆಂದ ಹಿಂದಿನವರ ದೃಷ್ಟಿಯಲ್ಲಿ ಇವೇ ಮೊದಲನೆಯವು. ಮನೆಯನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಸಂಘಸಂಸ್ಥೆಗಳ ಪದಾಧಿಕಾರಕ್ಕೆ ಓಡುವವನು ಸೇವಕನಲ್ಲ. ಮನೆಯ ನೆಪವೊಡ್ಡಿ ಊರಿಗೆ ಬೆನ್ನು ಹಾಕುವವನು ಒಳ್ಳೆಯ ಗೃಹಸ್ಥನೂ ಅಲ್ಲ.

ಎರಡನೆಯದು ಹುದ್ದೆಯ ಪ್ರಶ್ನೆ. ಅಧ್ಯಾಪಕರಿಲ್ಲದ ಶಾಲೆಗೆ ನಿವೃತ್ತರು ಉಚಿತವಾಗಿ ಪಾಠ ಹೇಳಿಕೊಡುವುದು ಪುಣ್ಯದ ಕೆಲಸ. ಆದರೆ ಉಚಿತವಾಗಿ ನಡೆಯುತ್ತಿದೆಯಲ್ಲ ಎಂಬ ಕಾರಣಕ್ಕೆ ಖಾಲಿ ಬಿದ್ದ ಹುದ್ದೆಯನ್ನು ಖಾಲಿಯಾಗಿಯೇ ಉಳಿಸಿದರೆ ಆ ಪುಣ್ಯ ಮುಂದಿನ ತರುಣ ಅಧ್ಯಾಪಕನ ಅನ್ನಕ್ಕೆ ಅಡ್ಡಿಯಾದೀತು. ಆದ್ದರಿಂದ ನಿವೃತ್ತರು ಪಾಠ ಹೇಳುವ ಜತೆಗೆ, ಹುದ್ದೆ ತುಂಬುವಂತೆ ಅರ್ಜಿ ಬರೆಯುವ ಕೈಯನ್ನೂ ನಿಲ್ಲಿಸಬಾರದು. ಅವರ ಸೇವೆ ತಾತ್ಕಾಲಿಕವಾದ ಸಂಕವಾಗಿರಲಿ. ಸೇತುವೆಯನ್ನು ಕಟ್ಟಬೇಕಾದವರು ಸಂಕವನ್ನು ತೋರಿಸಿ ಸುಮ್ಮನಾಗದಿರಲಿ.

ಮೂರನೆಯದು ಅಧಿಕಾರದ ಮೋಹ. ಮೂವತ್ತು ವರ್ಷ ತರಗತಿಯಲ್ಲಿ ತನ್ನ ಮಾತೇ ಕೊನೆಯ ಮಾತೆಂದು ನಡೆದವನಿಗೆ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದು ಸುಲಭವಲ್ಲ. ಹೊಸ ಮುಖ್ಯೋಪಾಧ್ಯಾಯರಿಗೆ ಕರೆಯದೆ ಹೋಗಿ ಉಪದೇಶ ಮಾಡುವ ಹಿರಿಯರಿಂದ ಶಾಲೆಗೆ ಉಪಕಾರವಾಗದು. ಕರೆದಾಗ ಹೋಗಿ, ಕೇಳಿದಷ್ಟು ಹೇಳಿ, ಬೆಂಚು ಹೊರುವುದಿದ್ದರೆ ತಾನೂ ಒಂದು ತುದಿಯನ್ನು ಹಿಡಿಯುವವನು ನಿಜವಾದ ಸ್ವಯಂಸೇವಕ.

ಇಂದಿನ ಕೆಲಸ

ಕೆಲಸಕ್ಕೆ ಬರವಿಲ್ಲ. ೨೦೧೯ರ ಆಗಸ್ಟ್ ತಿಂಗಳ ನೆರೆಯಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಮೊದಲಾದ ಕಡೆ ಮನೆ ತೋಟಗಳಿಗೆ ಮಣ್ಣು ಮರಳು ನುಗ್ಗಿದಾಗ ಹಾರೆ ಬುಟ್ಟಿ ಹಿಡಿದು ಬಂದ ಸ್ವಯಂಸೇವಕರು ಅನೇಕರು. ಹಾರೆ ಹಿಡಿಯಲಾಗದ ವಯಸ್ಸಿನವರಿಗೂ ಅಂಥ ಹೊತ್ತಿನಲ್ಲಿ ಕೆಲಸವುಂಟು: ನಷ್ಟದ ಪಟ್ಟಿ ಬರೆಯುವುದು, ಪರಿಹಾರದ ಅರ್ಜಿ ತುಂಬುವುದು, ಪುಸ್ತಕ ಕಳೆದುಕೊಂಡ ಮಕ್ಕಳಿಗೆ ಪುಸ್ತಕ ಒದಗಿಸುವುದು, ಹೆದರಿದ ಮಕ್ಕಳನ್ನು ಕೂಡಿಸಿಕೊಂಡು ಕತೆ ಹೇಳುವುದು. ನೆರೆಯಿಲ್ಲದ ದಿನಗಳಲ್ಲಿಯೂ ವೃದ್ಧಾಪ್ಯ ವೇತನಕ್ಕಾಗಿ, ಸಂಧ್ಯಾ ಸುರಕ್ಷಾ ಯೋಜನೆಯ ಹಣಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಅನಕ್ಷರಸ್ಥರಿಗೆ ಒಂದು ಕಾಗದವನ್ನು ಸರಿಯಾಗಿ ಬರೆದುಕೊಟ್ಟರೆ ಅವರ ನಾಲ್ಕು ದಿನದ ಕೂಲಿ ಉಳಿಯುತ್ತದೆ.

ಶಾಲೆಯೊಳಗೂ ಕೆಲಸವುಂಟು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಲೆಕ್ಕಪತ್ರ ತಿಳಿದ ಹಿರಿಯರ ನೆರವು ಬೇಕು. ಕಪಾಟಿನಲ್ಲಿ ಬೀಗ ಹಾಕಿದ ಪುಸ್ತಕಗಳನ್ನು ಹೊರತೆಗೆದು ಮಕ್ಕಳ ಕೈಗೆ ಕೊಡುವ ಗ್ರಂಥಪಾಲಕರು ಬೇಕು. ಓದಿನಲ್ಲಿ ಹಿಂದೆ ಬಿದ್ದ ಐದಾರು ಮಕ್ಕಳನ್ನು ಸಂಜೆ ಜಗಲಿಯಲ್ಲಿ ಕೂಡಿಸಿ, ಕಾಗುಣಿತದಿಂದ ತೊಡಗಿ ಓದಿಸುವವರು ಬೇಕು. ಹಳೆಯ ದಾಖಲಾತಿ ಪುಸ್ತಕಗಳಲ್ಲಿ ಗೆದ್ದಲು ಹಿಡಿಯುತ್ತಿರುವ ಊರಿನ ಚರಿತ್ರೆಯನ್ನು ನಕಲು ಮಾಡಿ ಉಳಿಸುವವರು ಬೇಕು. ತಾಳೆಯೋಲೆಗಳನ್ನು ಕಾಪಾಡಿದ ನಾಡಿನಲ್ಲಿ ಶಾಲೆಯ ಹಾಜರಿ ಪುಸ್ತಕ ಹಾಳಾಗುವುದು ಸಲ್ಲದು.

ಇಲ್ಲಿ ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಕರ್ತವ್ಯವೂ ಇದೆ. ಗುರುವನ್ನು ವರ್ಷಕ್ಕೊಮ್ಮೆ ವೇದಿಕೆಗೆ ಕರೆದು, ಶಾಲು ಹೊದೆಸಿ, ಫಲಪುಷ್ಪ ಕೊಟ್ಟು ಕಳುಹಿಸಿದರೆ ಋಣ ಸಂದಾಯವಾಗದು. ಅವರ ಮನೆಗೆ ಹೋಗಿ ಕಣ್ಣು ಕಾಣುತ್ತದೆಯೆ, ಔಷಧಿಗೆ ತೊಡಕಿದೆಯೆ, ಮಾತಾಡಲು ಜೊತೆಯಿದೆಯೆ ಎಂದು ವಿಚಾರಿಸಬೇಕು. ಅವರು ಜಗಲಿಯಲ್ಲಿ ಪಾಠ ಹೇಳುತ್ತಿದ್ದರೆ ಒಂದು ಕರಿಹಲಗೆ, ನಾಲ್ಕು ಚಾಪೆ, ಒಂದು ದೀಪ ಒದಗಿಸಬೇಕು. ಕಲ್ಲಿನ ಕಟ್ಟಡಕ್ಕೆ ಕೊಟ್ಟ ದಾನದಲ್ಲಿ ಹೆಸರು ಕೆತ್ತಿಸಬಹುದು. ಜಗಲಿಯ ದೀಪಕ್ಕೆ ಕೊಟ್ಟ ದಾನದಲ್ಲಿ ಹೆಸರು ಕೆತ್ತಿಸಲು ಜಾಗವಿಲ್ಲ, ಮಕ್ಕಳು ಓದುವುದಕ್ಕೆ ಬೆಳಕಿದೆ.

ಪಂಜೆಯವರ ಅಣ್ಣತನ, ಸೇಡಿಯಾಪುರವರ ಶಾಸ್ತ್ರನಿಷ್ಠೆ, ಪಳಕಳರ ಮಕ್ಕಳ ಪ್ರೀತಿ, ಕಯ್ಯಾರರ ದುಡಿತ: ನಾಲ್ಕೂ ಬೇರೆ ಬೇರೆ ದಾರಿಗಳು. ಪ್ರತಿಯೊಬ್ಬ ನಿವೃತ್ತ ಅಧ್ಯಾಪಕನೂ ಕವಿಯಾಗಬೇಕೆಂದಿಲ್ಲ, ಶಾಸ್ತ್ರಕಾರನಾಗಬೇಕೆಂದಿಲ್ಲ, ನೂರು ವರ್ಷ ಬದುಕಬೇಕೆಂದೂ ಇಲ್ಲ. ತನ್ನ ಮನೆಗೆ ಬೇಕಾದವನಾಗಿ, ಊರಿನ ಒಂದು ಮಗುವಿಗೆ ಅಕ್ಷರವನ್ನೋ ಒಬ್ಬ ಮುದುಕಿಗೆ ಅರ್ಜಿಯನ್ನೋ ಬರೆದುಕೊಡುತ್ತಿದ್ದರೆ ಅವನ ಉಪಾಧ್ಯಾಯವೃತ್ತಿ ನಿಂತಿದ್ದರೂ ಗುರುತ್ವ ನಡೆಯುತ್ತಿದೆ ಎಂದೇ ತಿಳಿಯಬೇಕು. ಅಂಥ ಗುರುಗಳು ಊರೂರಿನಲ್ಲಿ ಹೆಚ್ಚಲಿ. ಅವರ ಮನೆಯ ಜಗಲಿಗೆ ಮಕ್ಕಳ ಸದ್ದು ತಪ್ಪದಿರಲಿ.